ಡಬ್ಬಿಯಿಂದ ಊಟಕ್ಕೆ ಏನು ಇಳಿಯುತ್ತದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ದೊಡ್ಡ ಕಟ್ಟು ಪ್ಲಾಸ್ಟಿಕ್ ಬಗ್ಗೆಯೇ ಇತ್ತು. ನಾನು ಮೈಸೂರಿನ ಪರೀಕ್ಷಾ ಲ್ಯಾಬೊಂದರಲ್ಲಿ ಆಹಾರದ ಪೊಟ್ಟಣ, ಬಾಟಲಿ, ಮುಚ್ಚಳಗಳನ್ನೇ ಪರೀಕ್ಷೆ ಮಾಡುತ್ತಾ ನಿವೃತ್ತಳಾದವಳು. ಹಾಗಾಗಿ ಸಂಪಾದಕರು ಕಟ್ಟನ್ನು ಪೂರ್ತಿ ನನ್ನ ಕೈಗೇ ಕೊಟ್ಟರು. ಎಲ್ಲಕ್ಕೂ ಇಲ್ಲಿ ಜಾಗ ಸಿಗುವುದಿಲ್ಲ. ಹಲವರು ಕೇಳಿದ್ದನ್ನು ಆರಿಸಿಕೊಂಡಿದ್ದೇನೆ.

ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿದರೆ ಕ್ಯಾನ್ಸರ್ ಬರುತ್ತದೆ ಅಂತ ಸುದ್ದಿ ಬಂತು. ನಮ್ಮ ಬೀದಿಯ ಹೋಟೆಲಿನಲ್ಲಿ ವರ್ಷಗಟ್ಟಲೆ ಅಂಥ ಇಡ್ಲಿಯನ್ನೇ ತಿಂದಿದ್ದೇವೆ. ಈಗೇನು ಮಾಡಬೇಕು?
— ಶಿಕ್ಷಕಿ, ಹಾಸನ

ಮೊದಲು ಸಮಾಧಾನ ಮಾಡಿಕೊಳ್ಳಿ. ತಿಂದ ಇಡ್ಲಿಗೆ ಈಗ ಮಾಡುವಂಥದ್ದು ಏನೂ ಇಲ್ಲ. ಅದಕ್ಕಾಗಿ ಯಾವ ರಕ್ತಪರೀಕ್ಷೆಯೂ ಬೇಡ.

ಈ ಸುದ್ದಿ ಬಂದದ್ದು 2025ರ ಫೆಬ್ರವರಿಯಲ್ಲಿ. ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು ಹೋಟೆಲು, ಗಾಡಿಗಳಲ್ಲಿ ತಪಾಸಣೆ ಮಾಡಿದಾಗ ಹಲವು ಕಡೆ ಬಟ್ಟೆಯ ಜಾಗದಲ್ಲಿ ತೆಳು ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಇಡ್ಲಿ ಬೇಯಿಸಲು ಅದನ್ನು ಬಳಸುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಆ ತೀರ್ಮಾನ ನೂರಕ್ಕೆ ನೂರು ಸರಿ. ಆದರೆ ಅದಕ್ಕೆ ಕಾರಣ ಏನು ಅನ್ನುವುದನ್ನು ಸುದ್ದಿಯಲ್ಲಿ ಯಾರೂ ಸರಿಯಾಗಿ ಬಿಡಿಸಿ ಹೇಳಲಿಲ್ಲ.

ಪಾಲಿಥಿನ್ ಎನ್ನುವುದು ಬಹಳ ಉದ್ದನೆಯ ಅಣುಗಳ ಸರಪಳಿ. ಅಷ್ಟು ದೊಡ್ಡ ಅಣು ನಮ್ಮ ಕರುಳಿನಿಂದ ರಕ್ತಕ್ಕೆ ಹೋಗುವುದಿಲ್ಲ. ಸುರಕ್ಷತೆ ಲೆಕ್ಕ ಹಾಕುವವರು ಸಾಮಾನ್ಯವಾಗಿ ಅಣುವಿನ ತೂಕದ ಅಳತೆಯಲ್ಲಿ 1000 ಡಾಲ್ಟನ್‌ಗಿಂತ ಚಿಕ್ಕ ಅಣುಗಳ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುತ್ತಾರೆ. ಆ ಚಿಕ್ಕ ಅಣುಗಳೇ ಪ್ಲಾಸ್ಟಿಕ್‌ಗೆ ಬೆರೆಸುವ ರಾಸಾಯನಿಕಗಳು. ತಯಾರಾಗುವಾಗಿನ ಶಾಖಕ್ಕೆ ಹಾಳಾಗದಿರಲಿ ಎಂದು ಒಂದು, ಹಾಳೆ ಹಾಳೆಗೆ ಅಂಟದಿರಲಿ ಎಂದು ಇನ್ನೊಂದು, ಬಣ್ಣಕ್ಕೆ ಮತ್ತೊಂದು. ಇವು ಸರಪಳಿಗಳ ನಡುವೆ ಸುಮ್ನೆ ಸೇರಿಕೊಂಡಿರುತ್ತವೆ, ಅಂಟಿಕೊಂಡಿರುವುದಿಲ್ಲ. ಬಿಸಿ ತಾಗಿದರೆ ಹೊರಗೆ ಬರುತ್ತವೆ.

ಈಗ ಆ ಹಾಳೆ ನೋಡಿ. ಯಾವ ಕಾರ್ಖಾನೆಯದು, ಏನು ಬೆರೆಸಿದ್ದಾರೆ, ಹೊಸದೋ ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದೋ, ಹೋಟೆಲಿನವರಿಗೇ ಗೊತ್ತಿಲ್ಲ. ತೆಳು ಪಾಲಿಥಿನ್ 90 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಇಡ್ಲಿ ಪಾತ್ರೆಯಲ್ಲಿ ಹಬೆ 100 ಡಿಗ್ರಿ ಇರುತ್ತದೆ. ಹಿಟ್ಟು ನೇರವಾಗಿ ಹಾಳೆಯ ಮೇಲೆ ಕೂತಿರುತ್ತದೆ. ಈ ಕೆಲಸಕ್ಕೆ ಅಂತ ಆ ಹಾಳೆಯನ್ನು ಯಾರೂ ಯಾವತ್ತೂ ಪರೀಕ್ಷಿಸಿಲ್ಲ. ನಿಮಗೆ ಕ್ಯಾನ್ಸರ್ ಬರುತ್ತದೆ ಎಂದು ನಾನು ಹೇಳಲಾರೆ, ಯಾರೂ ಹೇಳಲಾರರು. ಆದರೆ ಪರೀಕ್ಷೆಯಾಗದ ವಸ್ತುವನ್ನು ಕುದಿಯುವ ಹಬೆಯಲ್ಲಿಟ್ಟು ಮಕ್ಕಳಿಗೆ ತಿಂಡಿ ಮಾಡುವುದು ತಪ್ಪು. ನಿಷೇಧಕ್ಕೆ ಅಷ್ಟು ಕಾರಣ ಸಾಕು. ಆ ಹೋಟೆಲಿನಲ್ಲಿ ಈಗಲೂ ಹಾಳೆ ಇದ್ದರೆ ಬಟ್ಟೆ ಹಾಕಿ ಎಂದು ಹೇಳಿ. ಕೇಳದಿದ್ದರೆ ಇಲಾಖೆಗೆ ದೂರು ಕೊಡಿ.

ನಾನು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಪೌಚ್ ಕೊಡುವವರು "ಇದು ಫುಡ್ ಗ್ರೇಡ್ ಮೇಡಂ" ಎಂದು ಒಂದು ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಅದನ್ನು ನಂಬಬಹುದಾ? ಅದರಲ್ಲಿ ಏನು ನೋಡಬೇಕು? ಗಾಜಿನ ಬಾಟಲಿಗೆ ಬದಲಾಯಿಸಿದರೆ ಈ ತಲೆನೋವೇ ಇರುವುದಿಲ್ಲ ಅಲ್ವಾ?
— ಗೃಹ ಉದ್ಯಮಿ, ಶಿರಸಿ

ಈ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು. ಸರ್ಟಿಫಿಕೇಟನ್ನು ಫೈಲಿಗೆ ಸೇರಿಸುವ ಮುಂಚೆ ಓದಬೇಕು ಅನ್ನಿಸಿದೆಯಲ್ಲ, ಅದೇ ದೊಡ್ಡದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

"ಫುಡ್ ಗ್ರೇಡ್" ಎಂಬ ಮಾತಿಗೆ ಅಷ್ಟಕ್ಕೇ ಬೆಲೆ ಇಲ್ಲ. ಯಾವ ಆಹಾರಕ್ಕೆ, ಎಷ್ಟು ಬಿಸಿಗೆ, ಎಷ್ಟು ದಿನಕ್ಕೆ ಎಂದು ಸೇರಿಸಿದರೆ ಮಾತ್ರ ಅದಕ್ಕೊಂದು ತೂಕ. ಅಕ್ಕಿಗೆ ಚೆನ್ನಾಗಿರುವ ಕವರ್ ಉಪ್ಪಿನಕಾಯಿಗೆ ಆಗದೆ ಇರಬಹುದು.

ನಮ್ಮಲ್ಲಿ ಇದಕ್ಕೆ ಕಾನೂನು ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಪೊಟ್ಟಣಗಳ ನಿಯಮ ತಂದಿತು. 2019ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಎಲ್ಲ ವಸ್ತುಗಳ ಒಟ್ಟು ತೂಕ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಮೀರಬಾರದು. ಹಾಳೆಯ ಲೆಕ್ಕದಲ್ಲಾದರೆ ಒಂದು ಚದರ ಡೆಸಿಮೀಟರ್‌ಗೆ, ಅಂದರೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ತುಂಡಿಗೆ, 10 ಮಿಲಿಗ್ರಾಂ. ಬಣ್ಣ ಕಣ್ಣಿಗೆ ಕಾಣುವಷ್ಟು ಬಿಡಬಾರದು. ಪರೀಕ್ಷೆಯ ವಿಧಾನ ಐಎಸ್ 9845 ಎಂಬ ಭಾರತೀಯ ಮಾನದಂಡದಲ್ಲಿದೆ. ಲ್ಯಾಬಿನಲ್ಲಿ ಇದನ್ನು ಮೈಗ್ರೇಷನ್ ಟೆಸ್ಟ್ ಅನ್ನುತ್ತಾರೆ.

ಇದನ್ನು ಮಾಡುವುದು ಹೀಗೆ. ಉಪ್ಪಿನಕಾಯಿಯನ್ನೇ ತುಂಬಿ ಅಳೆಯಲು ಆಗುವುದಿಲ್ಲ. ಅದರಲ್ಲಿ ಎಣ್ಣೆ, ಖಾರ, ಹುಳಿ ಎಲ್ಲ ಇರುವುದರಿಂದ ಪ್ಲಾಸ್ಟಿಕ್‌ನಿಂದ ಬಂದದ್ದು ಯಾವುದು ಅಂತ ಬೇರ್ಪಡಿಸುವುದು ಕಷ್ಟ. ಹಾಗಾಗಿ ಆಹಾರದ ಬದಲಿಗೆ ದ್ರವ ಬಳಸುತ್ತೇವೆ. ನೀರಿನಂಥ ಆಹಾರಕ್ಕೆ ಬಟ್ಟಿ ಇಳಿಸಿದ ನೀರು. ಹುಳಿ ಪದಾರ್ಥಕ್ಕೆ 3 ಶೇಕಡಾ ಅಸಿಟಿಕ್ ಆಮ್ಲ. ಎಣ್ಣೆ, ಜಿಡ್ಡಿನ ಪದಾರ್ಥಕ್ಕೆ ಹೆಪ್ಟೇನ್ ಎಂಬ ಪೆಟ್ರೋಲಿನಂಥ ದ್ರವ. ಪೌಚಿನೊಳಗೆ ಆ ದ್ರವ ತುಂಬಿ, ತಿಂಗಳುಗಟ್ಟಲೆ ಇಡುವ ಸರಕಾದರೆ ನೀರು, ಆಮ್ಲವನ್ನು 40 ಡಿಗ್ರಿಯಲ್ಲಿ 10 ದಿನ ಇಡುತ್ತೇವೆ, ಹೆಪ್ಟೇನನ್ನು 38 ಡಿಗ್ರಿಯಲ್ಲಿ ಅರ್ಧ ಗಂಟೆ. ಬಿಸಿಬಿಸಿ ತುಂಬುವ ಸರಕಾದರೆ ಶಾಖ ಜಾಸ್ತಿ, ಸಮಯ ಕಮ್ಮಿ. ಆಮೇಲೆ ದ್ರವವನ್ನು ಹೊರಗೆ ತೆಗೆದು, ಮೊದಲೇ ತೂಕ ಮಾಡಿಟ್ಟ ಪುಟ್ಟ ಬಟ್ಟಲಿನಲ್ಲಿ ಆವಿಯಾಗಿಸಿ, ಒಣಗಿಸಿ, ತಣಿಸಿ ಮತ್ತೆ ತೂಕ ಮಾಡುತ್ತೇವೆ. ಬಟ್ಟಲಿನ ತಳದಲ್ಲಿ ಉಳಿದ ಮಬ್ಬು ಪೊರೆಯೇ ಪ್ಲಾಸ್ಟಿಕ್ ಬಿಟ್ಟುಕೊಟ್ಟ ವಸ್ತು. ಕೆಲವು ಸಲ ಬಟ್ಟಲು ಖಾಲಿಯೇ ಅನ್ನಿಸುವಷ್ಟು ಕಮ್ಮಿ. ಕೆಲವು ಸಲ ಬೆರಳಿನಿಂದ ಕೆರೆಯುವಷ್ಟು ಮೇಣ.

ಈಗ ನಿಮ್ಮ ಸರ್ಟಿಫಿಕೇಟ್ ತೆಗೆಯಿರಿ. ಬರೀ "ಬಟ್ಟಿ ಇಳಿಸಿದ ನೀರು — ಪಾಸ್" ಎಂದು ಮಾತ್ರ ಇದ್ದರೆ ಅದು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಉಪ್ಪಿನಕಾಯಿ ಹುಳಿಯೂ ಹೌದು, ಎಣ್ಣೆಯೂ ಹೌದು, ವರ್ಷಗಟ್ಟಲೆ ಪೌಚಿನಲ್ಲಿ ಇರುವುದೂ ಹೌದು. ಆಮ್ಲದ್ದೂ ಹೆಪ್ಟೇನಿನದ್ದೂ ಎರಡೂ ಫಲಿತಾಂಶ ಬೇಕು. ನಾನು ಕೆಲಸದಲ್ಲಿದ್ದಾಗ ನೀರಿಗೆ ಸಲೀಸಾಗಿ ಪಾಸಾಗಿ ಹೆಪ್ಟೇನಿಗೆ ಬಿದ್ದುಹೋದ ಮಾದರಿಗಳನ್ನು ಎಷ್ಟೋ ಕಂಡಿದ್ದೇನೆ. ಪಾಲಿಥಿನ್‌ಗೆ ಬೆರೆಸುವ ಹೆಚ್ಚಿನ ವಸ್ತುಗಳು ಎಣ್ಣೆಗೆ ಒಲಿಯುವಂಥವು, ನೀರಿಗೆ ಒಲಿಯುವುದಿಲ್ಲ. ಅಷ್ಟೇ ವಿಷಯ.

ಮುಂದೆ, ಪರೀಕ್ಷೆ ಮಾಡಿದ ಲ್ಯಾಬಿಗೆ, ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಇರಬೇಕು. ಇದನ್ನು ನಿಯಮವೇ ಕೇಳುತ್ತದೆ. ವರದಿಯಲ್ಲಿ ನಿಮ್ಮದೇ ಪೌಚಿನ ಪದರಗಳ ವಿವರ ಇರಬೇಕು. ಬೇರೆ ಯಾವುದೋ ಗಿರಾಕಿಯ ಹೆಸರಿನ ಹಳೆ ವರದಿಯನ್ನು ಜೆರಾಕ್ಸ್ ಮಾಡಿ ಹಂಚುವವರಿದ್ದಾರೆ. ತಾರೀಖು ನೋಡಿ.

ಪೌಚಿನ ಹೊರಗಿನ ಬಣ್ಣದ ಛಾಪನ್ನೂ ಮರೆಯಬೇಡಿ. ಹೊರಗಿರುವ ಶಾಯಿ ಒಳಗೆ ಹೇಗೆ ಬರುತ್ತದೆ ಅಂತ ಕೇಳಬಹುದು. ಛಾಪಿಸಿದ ಹಾಳೆಯನ್ನು ರೋಲ್ ಸುತ್ತಿ ಇಟ್ಟಾಗ ಹೊರ ಮೈ ಮುಂದಿನ ಸುತ್ತಿನ ಒಳ ಮೈಗೆ ಒತ್ತಿಕೊಂಡು ಕೂರುತ್ತದೆ. ಸರಿಯಾಗಿ ಒಣಗದ ಶಾಯಿಯ ಅಂಶ ಹಾಗೇ ದಾಟುತ್ತದೆ. 2005ರ ಕೊನೆಯಲ್ಲಿ ಇಟಲಿಯಲ್ಲಿ ಇದೇ ಆಯಿತು. ಮಕ್ಕಳ ಹಾಲಿನಲ್ಲಿ ಐಟಿಎಕ್ಸ್ ಎಂಬ ವಸ್ತು ಸಿಕ್ಕಿತು. ಅದು ಪೆಟ್ಟಿಗೆಯ ಹೊರಗಿನ ಶಾಯಿಯನ್ನು ಬೆಳಕಿನಲ್ಲಿ ಬೇಗ ಗಟ್ಟಿಯಾಗಿಸಲು ಹಾಕಿದ್ದು. ಕೋಟಿಗಟ್ಟಲೆ ಲೀಟರ್ ಹಾಲನ್ನು ವಶಪಡಿಸಿಕೊಂಡರು. ಸಿಕ್ಕಿದ ಪ್ರಮಾಣದಿಂದ ಆರೋಗ್ಯಕ್ಕೆ ಅಪಾಯ ಇರುವಂತಿಲ್ಲ ಎಂದೇ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆಮೇಲೆ ಹೇಳಿತು. ಆದರೂ ಅದು ಹಾಲಿನಲ್ಲಿ ಇರಬೇಕಾದ ವಸ್ತು ಅಲ್ಲವೇ ಅಲ್ಲ. ಹೊರಗಿನ ಮೈಯೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಆಗ ಎಲ್ಲರಿಗೂ ತಲೆಗೆ ಹತ್ತಿತು. ನಿಮ್ಮ ಪೌಚಿನಲ್ಲಿ ಶಾಯಿ ಎರಡು ಪದರಗಳ ನಡುವೆ ಇದೆಯೇ ಎಂದು ಕೇಳಿ. ಶಾಯಿ ಐಎಸ್ 15495ಕ್ಕೆ ಸರಿಹೊಂದಿದೆಯೇ ಎಂದೂ ಕೇಳಿ.

ಇನ್ನು ಗಾಜಿನ ಬಾಟಲಿ. ಗಾಜು ಒಳ್ಳೆಯದೇ. ಆದರೆ ಅದರ ಲೋಹದ ಮುಚ್ಚಳ ತಿರುಗಿಸಿ ನೋಡಿ. ಒಳಗೆ ಮೆತ್ತನೆಯ ಉಂಗುರ ಇರುತ್ತದೆ. ಅದು ಹೆಚ್ಚಾಗಿ ಪಿವಿಸಿ. ಗಟ್ಟಿಯಾಗಿರುವ ಪಿವಿಸಿಯನ್ನು ಮೆತ್ತಗೆ ಮಾಡಲು ಎಣ್ಣೆಯಂಥ ವಸ್ತುವನ್ನು ಧಾರಾಳವಾಗಿ ಬೆರೆಸಿರುತ್ತಾರೆ. ಬಾಟಲಿ ಮಲಗಿಸಿಟ್ಟರೆ ಉಪ್ಪಿನಕಾಯಿಯ ಎಣ್ಣೆ ಅದಕ್ಕೆ ತಾಗುತ್ತಲೇ ಇರುತ್ತದೆ. ಯುರೋಪಿನಲ್ಲಿ ಎಣ್ಣೆಯಲ್ಲಿ ಅದ್ದಿದ ಬೆಳ್ಳುಳ್ಳಿ, ಆಲಿವ್‌ನಂಥ ಪದಾರ್ಥಗಳ ಬಾಟಲಿಗಳಲ್ಲಿ ಮುಚ್ಚಳದಿಂದ ಇಳಿದ ಸೋಯಾ ಎಣ್ಣೆಯ ರಾಸಾಯನಿಕ ರೂಪ ಮಿತಿ ಮೀರಿ ಸಿಕ್ಕಿದ್ದುಂಟು. ಅದಾದರೂ ಕಮ್ಮಿ ತೊಂದರೆಯದು. ಅದರ ಜಾಗದಲ್ಲಿ ಮೆತ್ತಗೆ ಮಾಡಲು ಥ್ಯಾಲೇಟ್ ಎಂಬ ಗುಂಪಿನ ವಸ್ತು ಬಳಸಿದ್ದರೆ ನನಗೆ ನಿಜಕ್ಕೂ ಚಿಂತೆ. ಹಾಗಾಗಿ ಗಾಜಿಗೆ ಹೋದರೆ ಮುಚ್ಚಳದ ವರದಿಯನ್ನೂ ಕೇಳಿ. ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಮೇಲೆ ಸ್ವಲ್ಪ ಜಾಗ ಬಿಡಿ.

60 ಮಿಲಿಗ್ರಾಂ ಒಳಗಿದ್ದರೆ ಸುರಕ್ಷಿತ ಅಂತ ಅರ್ಥವೇ? ಈ ಸಂಖ್ಯೆಗಳನ್ನು ಯಾರು, ಹೇಗೆ ನಿರ್ಧರಿಸುತ್ತಾರೆ?
— ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಅಲ್ಲ. 60 ಮಿಲಿಗ್ರಾಂ ಎನ್ನುವುದು ಪ್ಲಾಸ್ಟಿಕ್ ಒಟ್ಟಾರೆ ಎಷ್ಟು ಗಟ್ಟಿ, ಎಷ್ಟು ಬಿಟ್ಟುಕೊಡದೆ ಇರುತ್ತದೆ ಅನ್ನುವುದರ ಅಳತೆ. ವಿಷದ ಅಳತೆ ಅಲ್ಲ. ಬಟ್ಟಲಿನಲ್ಲಿ ಉಳಿದದ್ದು ನಿರುಪದ್ರವಿ ಮೇಣವೋ ಬೇರೆ ಏನೋ ಅಂತ ತಕ್ಕಡಿಗೆ ಗೊತ್ತಾಗುವುದಿಲ್ಲ. ಆವಿಯಾಗಿ ಹೋಗುವ ವಸ್ತುಗಳಂತೂ ಒಣಗಿಸುವಾಗಲೇ ಹಾರಿಹೋಗಿರುತ್ತವೆ. ಆ ಸಂಖ್ಯೆಯ ಹಿಂದೆ ಒಂದು ಊಹೆಯೂ ಇದೆ. 60 ಕಿಲೋ ತೂಕದ ಒಬ್ಬ ಮನುಷ್ಯ ದಿನಕ್ಕೆ 1 ಕಿಲೋ ಪೊಟ್ಟಣದ ಆಹಾರ ತಿನ್ನುತ್ತಾನೆ, ಆ 1 ಕಿಲೋ ಆಹಾರಕ್ಕೆ 6 ಚದರ ಡೆಸಿಮೀಟರ್ ಪ್ಲಾಸ್ಟಿಕ್ ತಾಗಿರುತ್ತದೆ ಎಂದು. ಆರನ್ನು ಹತ್ತರಿಂದ ಗುಣಿಸಿ, 60 ಬರುತ್ತದೆ.

ನಿಜವಾದ ಸುರಕ್ಷತೆಯ ಲೆಕ್ಕ ಒಂದೊಂದು ವಸ್ತುವಿಗೂ ಬೇರೆ. ಡಿಇಎಚ್‌ಪಿ ಎಂಬ ಥ್ಯಾಲೇಟನ್ನೇ ತೆಗೆದುಕೊಳ್ಳಿ. ಪಿವಿಸಿಯನ್ನು ಮೆತ್ತಗೆ ಮಾಡಲು ದಶಕಗಟ್ಟಲೆ ಬಳಸಿದ ವಸ್ತು. ಇಲಿಗಳಿಗೆ ತಿನ್ನಿಸಿ ನೋಡಿದಾಗ ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 4.8 ಮಿಲಿಗ್ರಾಂವರೆಗೆ ವೃಷಣಕ್ಕೆ ತೊಂದರೆ ಕಾಣಲಿಲ್ಲ. ಅದನ್ನು ನೂರರಿಂದ ಭಾಗಿಸುತ್ತಾರೆ. ಇಲಿಗಿಂತ ಮನುಷ್ಯ ಸೂಕ್ಷ್ಮ ಇರಬಹುದೆಂದು ಹತ್ತು, ಮನುಷ್ಯರಲ್ಲೇ ಕೆಲವರು ಇನ್ನೂ ಸೂಕ್ಷ್ಮ ಇರಬಹುದೆಂದು ಮತ್ತೊಂದು ಹತ್ತು. ಹೀಗೆ ಬಂದದ್ದು ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ ಸುಮಾರು 50 ಮೈಕ್ರೋಗ್ರಾಂ. ಜೀವನವಿಡೀ ದಿನವೂ ಒಳಗೆ ಹೋದರೂ ತೊಂದರೆಯಾಗಬಾರದು ಎಂಬ ಮಿತಿ ಇದು. 2019ರಲ್ಲಿ ಯುರೋಪಿನ ಸಂಸ್ಥೆ ಇದೇ ಸಂಖ್ಯೆಯನ್ನು ನಾಲ್ಕು ಥ್ಯಾಲೇಟ್‌ಗಳಿಗೆ ಒಟ್ಟಿಗೆ ಸೇರಿಸಿತು. ಅವೆಲ್ಲ ದೇಹದಲ್ಲಿ ಒಂದೇ ರೀತಿಯ ಕೆಲಸ ಮಾಡುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಮಿತಿ ಕೊಟ್ಟರೆ ಒಟ್ಟು ಜಾಸ್ತಿಯಾಗುತ್ತದೆ. ಇದು ನನ್ನ ಪ್ರಕಾರ ಬಹಳ ಮುಖ್ಯವಾದ ಹೆಜ್ಜೆ.

ಈಗ ಲೆಕ್ಕ ಮಾಡಿ. 60 ಕಿಲೋ ಮನುಷ್ಯನಿಗೆ ದಿನದ ಮಿತಿ 3 ಮಿಲಿಗ್ರಾಂ. ನಮ್ಮ ದೇಶದ ನಿಯಮ ಪ್ಲಾಸ್ಟಿಕ್‌ನಿಂದ ಒಂದು ಕಿಲೋ ಆಹಾರಕ್ಕೆ 1.5 ಮಿಲಿಗ್ರಾಂ ಡಿಇಎಚ್‌ಪಿ ಇಳಿಯಲು ಬಿಡುತ್ತದೆ. ದೊಡ್ಡವರು ಅಂಥ ಆಹಾರ ಒಂದು ಕಿಲೋ ತಿಂದರೆ ಅರ್ಧ ಮಿತಿ ಮುಟ್ಟಿದಂತೆ. ಆದರೆ 12 ಕಿಲೋ ತೂಕದ ಮಗುವಿನ ಮಿತಿ 0.6 ಮಿಲಿಗ್ರಾಂ. ಅಷ್ಟು ಡಿಇಎಚ್‌ಪಿ ಇಳಿದ ಆಹಾರವನ್ನು ಆ ಮಗು 400 ಗ್ರಾಂ ತಿಂದರೆ ಮಿತಿ ಮುಗಿಯಿತು. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ತಿನ್ನುತ್ತಾರೆ. ಯುರೋಪ್ ಒಕ್ಕೂಟ 2023ರಲ್ಲಿ ತನ್ನ ಮಿತಿಯನ್ನು 1.5ರಿಂದ 0.6ಕ್ಕೆ ಇಳಿಸಿತು. ನಮ್ಮಲ್ಲೂ ಇಳಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಸಂಖ್ಯೆಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಮಾಡಲು ಬಳಸುವ ಬಿಸ್ಫಿನಾಲ್ ಎ, ಅಂದರೆ ಬಿಪಿಎ ಕಥೆ ಕೇಳಿ. 2015ರಲ್ಲಿ ಯುರೋಪಿನ ಸಂಸ್ಥೆ ಅದಕ್ಕೆ ಒಂದು ಕಿಲೋ ದೇಹತೂಕಕ್ಕೆ 4 ಮೈಕ್ರೋಗ್ರಾಂ ಮಿತಿ ಇಟ್ಟಿತು. 2023ರಲ್ಲಿ ಅದನ್ನು 0.2 ನ್ಯಾನೋಗ್ರಾಂಗೆ ಇಳಿಸಿತು. ಸಾವಿರ ನ್ಯಾನೋಗ್ರಾಂ ಸೇರಿದರೆ ಒಂದು ಮೈಕ್ರೋಗ್ರಾಂ. ಅಂದರೆ ಇಪ್ಪತ್ತು ಸಾವಿರ ಪಟ್ಟು ಕಮ್ಮಿ! ಇಲಿಮರಿಗಳ ರೋಗನಿರೋಧಕ ಕಣಗಳಲ್ಲಿ ಕಂಡ ಬದಲಾವಣೆ ಅದಕ್ಕೆ ಕಾರಣ. ಜರ್ಮನಿಯ ಸರ್ಕಾರಿ ಸಂಸ್ಥೆ ಬಿಎಫ್‌ಆರ್ ಇದನ್ನು ಒಪ್ಪಲಿಲ್ಲ. ಆ ಬದಲಾವಣೆಯಿಂದ ಮನುಷ್ಯನಿಗೆ ಕಾಯಿಲೆ ಬರುತ್ತದೆ ಎನ್ನಲು ಪುರಾವೆ ಸಾಲದು ಎಂದು ತಾನೇ ಲೆಕ್ಕ ಹಾಕಿ 0.2 ಮೈಕ್ರೋಗ್ರಾಂ ಎಂದಿತು. ಎರಡರ ನಡುವೆ ಸಾವಿರ ಪಟ್ಟು ವ್ಯತ್ಯಾಸ. ಇಬ್ಬರೂ ಓದಿದ್ದು ಹೆಚ್ಚುಕಮ್ಮಿ ಅದೇ ಸಂಶೋಧನೆಗಳನ್ನು. 2024ರ ಡಿಸೆಂಬರ್‌ನಲ್ಲಿ ಯುರೋಪ್ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಪಿಎಯನ್ನೇ ನಿಷೇಧಿಸುವ ನಿಯಮ ತಂದಿತು.

ನೀವು ರಸಾಯನಶಾಸ್ತ್ರ ಓದುತ್ತಿದ್ದೀರಿ, ಹಾಗಾಗಿ ಇನ್ನೊಂದು ಮಾತು. ಬೆರೆಸಿದ ವಸ್ತುಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಯಾರೂ ಬೆರೆಸದೆ ಹುಟ್ಟಿಕೊಂಡವು. ಪಾಲಿಪ್ರೊಪಿಲೀನ್ ಶಾಖಕ್ಕೆ ಹಾಳಾಗದಿರಲಿ ಎಂದು ಇರ್ಗಫಾಸ್ 168 ಎಂಬ ವಸ್ತು ಹಾಕುತ್ತಾರೆ. ಅದು ತನ್ನ ಕೆಲಸ ಮಾಡುತ್ತಾ ತಾನೇ ಒಡೆದು 2,4-ಡೈ-ಟರ್ಟ್-ಬ್ಯುಟೈಲ್ ಫಿನಾಲ್‌ನಂಥ ಹೊಸ ವಸ್ತುಗಳಾಗುತ್ತದೆ. ಬೆರೆತ ವಸ್ತುಗಳನ್ನು ಬಿಡಿಸಿ ತೋರಿಸುವ ಕ್ರೊಮ್ಯಾಟೋಗ್ರಫಿ ಯಂತ್ರದ ಹಾಳೆಯಲ್ಲಿ ಇಂಥ ಗುರುತಿಲ್ಲದ ಶಿಖರಗಳು ಸಾಲುಸಾಲಾಗಿ ಏಳುತ್ತವೆ. ಅವುಗಳಿಗೆ ಹೆಸರು ಹುಡುಕುವ ಕೆಲಸಕ್ಕೆ ನಿಮ್ಮಂಥ ಹುಡುಗ ಹುಡುಗಿಯರು ಬೇಕು. ದಯವಿಟ್ಟು ಈ ಕಡೆ ಬನ್ನಿ.

ಆನ್‌ಲೈನ್ ಊಟ ಬರುವ ಕಪ್ಪು ಡಬ್ಬಿಗಳಲ್ಲಿ ಟಿವಿಯ ವಿಷ ಇರುತ್ತದಂತೆ. ನಿಜವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಅದರಲ್ಲಿ ಸ್ವಲ್ಪ ನಿಜ ಇದೆ. ಹಳೆಯ ಟಿವಿ, ಕಂಪ್ಯೂಟರ್‌ಗಳ ಕಪ್ಪು ಹೊದಿಕೆಗೆ ಬೆಂಕಿ ಹತ್ತದಿರಲಿ ಎಂದು ಬ್ರೋಮಿನ್ ಇರುವ ವಸ್ತುಗಳನ್ನು ಹಾಕುತ್ತಿದ್ದರು. ಅವುಗಳನ್ನು ಕರಗಿಸಿ ಮತ್ತೆ ಕಪ್ಪು ಪ್ಲಾಸ್ಟಿಕ್ ಮಾಡಿದರೆ ಆ ವಸ್ತುವೂ ಜೊತೆಗೇ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೀಮೋಸ್ಫಿಯರ್ ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರು ಅಡುಗೆಮನೆಯ ಸೌಟುಗಳಲ್ಲಿ, ಆಹಾರದ ತಟ್ಟೆಗಳಲ್ಲಿ ಇದನ್ನು ತೋರಿಸಿದರು. ಪ್ರಪಂಚವೆಲ್ಲ ಸೌಟು ಎಸೆಯಿತು.

ಆಮೇಲೆ ಗೊತ್ತಾಯಿತು, ಗುಣಾಕಾರ ತಪ್ಪಿದೆ ಎಂದು. ಒಂದು ಕಿಲೋ ದೇಹತೂಕಕ್ಕೆ 7,000 ನ್ಯಾನೋಗ್ರಾಂ ಮಿತಿ, 60 ಕಿಲೋ ಮನುಷ್ಯನಿಗೆ 4,20,000 ಆಗಬೇಕು. ಅವರು 42,000 ಬರೆದಿದ್ದರು. ಸೌಟಿನಿಂದ ಬರಬಹುದು ಎಂದು ಅಂದಾಜಿಸಿದ್ದು ದಿನಕ್ಕೆ 34,700. ಮಿತಿಯ ಹತ್ತಿರ ಬಂದೇಬಿಟ್ಟಿತು ಅಂದುಕೊಂಡದ್ದು ನಿಜವಾಗಿ ಮಿತಿಯ ಹತ್ತನೇ ಒಂದಕ್ಕಿಂತ ಕಮ್ಮಿ. ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು.

ಹಾಗಂತ ಕಪ್ಪು ಡಬ್ಬಿ ಒಳ್ಳೆಯದು ಎನ್ನುತ್ತಿಲ್ಲ. ಟಿವಿ ಹೊದಿಕೆಯ ಪ್ಲಾಸ್ಟಿಕ್ ಊಟದ ಡಬ್ಬಿಗೆ ಬರಲೇಬಾರದು. 2018ರ ನಿಯಮ ಮರುಬಳಕೆಯ ಪ್ಲಾಸ್ಟಿಕ್ಕನ್ನು ಆಹಾರಕ್ಕೆ ಬೇಡ ಎಂದೇ ಹೇಳಿತ್ತು. ಆಮೇಲೆ, ಸರಿಯಾಗಿ ಶುದ್ಧ ಮಾಡಿದ, ನೀರಿನ ಬಾಟಲಿಗೆ ಬಳಸುವ ಪೆಟ್‌ನಂಥದ್ದಕ್ಕೆ ಷರತ್ತು ಹಾಕಿ ದಾರಿ ಮಾಡಿಕೊಟ್ಟಿದೆ. ಕಪ್ಪು ಬಣ್ಣ ಏನನ್ನು ಬೇಕಾದರೂ ಮುಚ್ಚಿಡುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಊಟ ಬಂದ ಕೂಡಲೇ ತಟ್ಟೆಗೆ ಬಗ್ಗಿಸಿ. ಆ ಡಬ್ಬಿಯಲ್ಲೇ ಮೈಕ್ರೋವೇವ್‌ಗೆ ಇಡಬೇಡಿ. ತೊಳೆದು ತುಪ್ಪ ತುಂಬಿಡಬೇಡಿ.

ಬಾಟಲಿಯ ತಳದ ತ್ರಿಕೋನದಲ್ಲಿ 5 ಇದ್ದರೆ ಸುರಕ್ಷಿತ, 3 ಇದ್ದರೆ ಅಪಾಯ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.
— ಹಿರಿಯ ನಾಗರಿಕರು, ಉಡುಪಿ

ಆ ಅಂಕಿ ಗುಜರಿಯವರು ಪ್ಲಾಸ್ಟಿಕ್ ವಿಂಗಡಿಸಲಿ ಎಂದು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದದ್ದು. 1 ಅಂದರೆ ಪೆಟ್, 3 ಅಂದರೆ ಪಿವಿಸಿ, 5 ಅಂದರೆ ಪಾಲಿಪ್ರೊಪಿಲೀನ್. ಮೂಲ ಪ್ಲಾಸ್ಟಿಕ್ ಯಾವುದು ಎಂದು ತಿಳಿಯುತ್ತದೆ, ಒಳಗೆ ಏನೇನು ಬೆರೆಸಿದ್ದಾರೆ ಎಂದು ತಿಳಿಯುವುದಿಲ್ಲ. ಬಿಸಿ ಪದಾರ್ಥಕ್ಕೆ 5 ವಾಸಿ, ಎಣ್ಣೆಗೆ 3 ಬೇಡ. ಇಷ್ಟಕ್ಕೆ ಮಾತ್ರ ಅದನ್ನು ಬಳಸಿಕೊಳ್ಳಿ.

ನಮ್ಮಲ್ಲಿ ಬೇಸಿಗೆಯಲ್ಲಿ ಕಾರಿನೊಳಗೆ ಕೂರಲಾಗದಷ್ಟು ಕಾವು. ಕಾರಿನಲ್ಲೇ ಉಳಿದ ನೀರಿನ ಬಾಟಲಿ ಕುಡಿಯಬಹುದೇ?
— ವೈದ್ಯಕೀಯ ಪ್ರತಿನಿಧಿ, ಕಲಬುರಗಿ

ಒಂದು ದಿನ ಉಳಿದಿದ್ದರೆ ಕುಡಿಯಿರಿ. ನೀರಿಲ್ಲದೆ ಬಿಸಿಲಲ್ಲಿ ತಿರುಗುವುದು ಅದಕ್ಕಿಂತ ಅಪಾಯ.

ಪೆಟ್ ಬಾಟಲಿ ತಯಾರಿಸುವಾಗ ಆಂಟಿಮನಿ ಎಂಬ ಲೋಹದ ಸಂಯುಕ್ತ ಬಳಸುತ್ತಾರೆ, ಅದು ಸ್ವಲ್ಪ ಪ್ಲಾಸ್ಟಿಕ್‌ನಲ್ಲೇ ಉಳಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ, ನಿಮ್ಮೂರಿನಂತೆಯೇ ಸುಡುವ ಜಾಗ ಅದು, ಇದನ್ನು ಅಳೆದು 2008ರಲ್ಲಿ ಪ್ರಕಟಿಸಿದರು. ಅಮೆರಿಕದ ಕುಡಿಯುವ ನೀರಿನ ಮಿತಿ ಲೀಟರಿಗೆ 6 ಮೈಕ್ರೋಗ್ರಾಂ. 60 ಡಿಗ್ರಿಯಲ್ಲಿ ಇಟ್ಟರೆ ಆ ಮಟ್ಟ ತಲುಪಲು 176 ದಿನ ಬೇಕು. 70 ಡಿಗ್ರಿಯಲ್ಲಿ 12 ದಿನ. 80 ಡಿಗ್ರಿಯಲ್ಲಿ 2.3 ದಿನ. ಶಾಖ ಸ್ವಲ್ಪ ಏರಿದರೂ ವೇಗ ಹೇಗೆ ನೆಗೆಯುತ್ತದೆ ನೋಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರು 60ರ ಆಸುಪಾಸಿಗೆ ಹೋಗಬಹುದು, ಅದೂ ಹಗಲು ಕೆಲವೇ ಗಂಟೆ. ಹಾಗಾಗಿ ಒಂದೆರಡು ದಿನಕ್ಕೆ ಹೆದರಬೇಡಿ. ಡಿಕ್ಕಿಯಲ್ಲಿ ಬೇಸಿಗೆಯಿಡೀ ಕೇಸುಗಟ್ಟಲೆ ಬಾಟಲಿ ಇಡುವ ಅಭ್ಯಾಸ ಬಿಡಿ. ಅಂಗಡಿಯವರು ಹೊರಗೆ ಬಿಸಿಲಲ್ಲಿ ಪೇರಿಸಿಟ್ಟ ಕೇಸನ್ನು ಕೊಳ್ಳಬೇಡಿ.

ಮನೆಗೆ ಬರುವ 20 ಲೀಟರ್ ಕ್ಯಾನ್ ಗೀರು ಬಿದ್ದು ಮಬ್ಬಾಗಿದೆ. ನೀರು ತುಂಬುವವರು ಬಿಸಿನೀರಲ್ಲಿ ಸೋಡಾ ಹಾಕಿ ಚೆನ್ನಾಗಿ ತೊಳೆಯುತ್ತೇವೆ ಎನ್ನುತ್ತಾರೆ.
— ಗೃಹಿಣಿ, ಬೆಂಗಳೂರು

ಆ ತೊಳೆಯುವ ರೀತಿಯೇ ಯೋಚಿಸಬೇಕಾದ್ದು. ಗಟ್ಟಿಯಾದ ನೀಲಿ ಕ್ಯಾನ್ ಪಾಲಿಕಾರ್ಬೊನೇಟ್ ಆಗಿದ್ದರೆ ಅದನ್ನು ಕಟ್ಟಿರುವುದೇ ಬಿಪಿಎ ಅಣುಗಳಿಂದ. ಬಿಸಿ ಮತ್ತು ಸೋಡಾದಂಥ ಕ್ಷಾರ ಎರಡೂ ಸೇರಿದರೆ ಆ ಕಟ್ಟು ನಿಧಾನವಾಗಿ ಬಿಚ್ಚುತ್ತದೆ. ನಾರ್ವೆಯಲ್ಲಿ ಮಕ್ಕಳ ಪಾಲಿಕಾರ್ಬೊನೇಟ್ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಂಕಿ ನನಗೆ ಇನ್ನೂ ಬಾಯಿಪಾಠ. ಹೊಸ ಬಾಟಲಿಗೆ ಬಿಸಿನೀರು ಹಾಕಿಟ್ಟಾಗ ಲೀಟರಿಗೆ 0.23 ಮೈಕ್ರೋಗ್ರಾಂ ಬಿಪಿಎ. ಯಂತ್ರದಲ್ಲಿ 51 ಸಲ ತೊಳೆದ ಮೇಲೆ 8.4. ಮಕ್ಕಳ ಬಾಟಲಿಗೆ ಬಿಪಿಎ ಬೇಡ ಎಂದು ನಮ್ಮ ದೇಶದ ಮಾನದಂಡ ನಿಗದಿ ಮಾಡುವ ಸಂಸ್ಥೆ ಬಿಐಎಸ್ 2015ರಲ್ಲೇ ಹೇಳಿತು. ದೊಡ್ಡವರ ಕ್ಯಾನ್ ಬಗ್ಗೆಯೂ ಅಷ್ಟೇ ಕಾಳಜಿ ಬೇಕಿತ್ತು.

ನಿಮ್ಮ ಕ್ಯಾನಿನಲ್ಲಿ ತುಂಬುವುದು ತಣ್ಣೀರು, ಹಾಗಾಗಿ ಅಷ್ಟು ಇಳಿಯುವುದಿಲ್ಲ. ಆದರೂ ಮಬ್ಬಾದ ಕ್ಯಾನ್ ವಾಪಸು ಕಳಿಸಿ. ತಳದಲ್ಲಿ 1 ಎಂದಿರುವ ಪೆಟ್ ಕ್ಯಾನ್ ಕೇಳಿ. ಬಂದ ನೀರನ್ನು ಸ್ಟೀಲ್ ಅಥವಾ ತಾಮ್ರದ ಕೊಳಗಕ್ಕೆ ಬಗ್ಗಿಸಿಕೊಂಡರೆ ಇನ್ನೂ ಒಳ್ಳೆಯದು.

ನನ್ನದು ಚಿಕ್ಕ ಖಾನಾವಳಿ. ಗಿರಾಕಿಗಳು ಪಾತ್ರೆ ತರುವುದಿಲ್ಲ. ಕುದಿಯುವ ಸಾಂಬಾರನ್ನು ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿ ಕೊಡುವುದೇ ರೂಢಿ. ಬೇರೆ ದಾರಿ ಏನು? ಜಾಸ್ತಿ ಖರ್ಚು ಮಾಡುವ ಸ್ಥಿತಿ ನನಗಿಲ್ಲ.
— ಖಾನಾವಳಿ ಮಾಲೀಕರು, ದಾವಣಗೆರೆ

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಸಾಂಬಾರಿನಲ್ಲಿ ಮೂರೂ ಇದೆ: ಬಿಸಿ, ಹುಳಿ, ಒಗ್ಗರಣೆಯ ಎಣ್ಣೆ. ಪ್ಲಾಸ್ಟಿಕ್ ಡಬ್ಬಿಗೆ ಒಮ್ಮೆ ಸಾಂಬಾರ್ ಹಾಕಿದರೆ ಅರಿಶಿನದ ಹಳದಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ನೋಡಿರುತ್ತೀರಿ. ಬಣ್ಣ ಪ್ಲಾಸ್ಟಿಕ್‌ನ ಒಳಕ್ಕೇ ಹೋಗಿ ಕೂತಿದೆ. ಅದು ಒಳಗೆ ಹೋಗುವ ದಾರಿಯಲ್ಲೇ ಒಳಗಿನದ್ದು ಹೊರಗೂ ಬರುತ್ತದೆ.

ಮೊದಲ ಕೆಲಸ, ಬಣ್ಣದ ತೆಳು ಕವರ್ ಇವತ್ತೇ ನಿಲ್ಲಿಸಿ. ಅದು ಎಲ್ಲಿಂದ ಬಂದದ್ದೋ ಯಾರಿಗೂ ಗೊತ್ತಿರುವುದಿಲ್ಲ. ಅದರ ಬದಲು ಮುಚ್ಚಳವಿರುವ ಬಿಳಿ ಅಥವಾ ಪಾರದರ್ಶಕ ಪಾಲಿಪ್ರೊಪಿಲೀನ್ ಡಬ್ಬಿ, ತಳದಲ್ಲಿ 5 ಇರುವಂಥದ್ದು, ಸಗಟಿನಲ್ಲಿ ತನ್ನಿ. ಮಾರುವವರ ಹತ್ತಿರ ಐಎಸ್ 10910ರ ಪ್ರಕಾರದ ವರದಿ ಕೇಳಿ. ಕೇಳುವವರು ಹೆಚ್ಚಾದರೆ ಅವರೂ ಇಟ್ಟುಕೊಳ್ಳುತ್ತಾರೆ.

ಎರಡನೆಯದಕ್ಕೆ ಖರ್ಚೇ ಇಲ್ಲ. ಪಾರ್ಸಲ್ ಸಾಂಬಾರನ್ನು ಒಲೆಯಿಂದ ನೇರ ತುಂಬಬೇಡಿ. ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿಕೊಂಡು, ಹಬೆ ಇಳಿದ ಮೇಲೆ ಡಬ್ಬಿಗೆ ಹಾಕಿ ತಕ್ಷಣ ಕೊಟ್ಟುಬಿಡಿ. ಮಾಡಿಟ್ಟು ಗಂಟೆಗಟ್ಟಲೆ ಸುಮ್ನೆ ಬಿಟ್ಟರೆ ಸಾಂಬಾರ್ ಹಳಸುತ್ತದೆ, ಅದು ಬೇರೆ ತೊಂದರೆ. ಚಟ್ನಿ, ಪಲ್ಯ ಬಾಳೆಎಲೆಯಲ್ಲಿ ಕಟ್ಟಿ. ವೃತ್ತಪತ್ರಿಕೆ ಮಾತ್ರ ಬೇಡ, ಅದರ ಶಾಯಿ ಎಣ್ಣೆಗೆ ಬೇಗ ಬಿಡುತ್ತದೆ, ಕಾನೂನಿನಲ್ಲೂ ನಿಷೇಧ ಇದೆ. ಪಾತ್ರೆ ತಂದವರಿಗೆ ಡಬ್ಬಿಯ ಬೆಲೆ ಕಳೆದು ಕೊಡಿ, ಆ ಮಾತನ್ನು ಗಲ್ಲಾದ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ದಿನವೂ ಬರುವ ಗಿರಾಕಿಗಳು ಮೊದಲು ತರಲು ಶುರು ಮಾಡುತ್ತಾರೆ.